ಬಿಸಿಯಾದ ಚೋಕ್ ಕೇಬಲ್: ಸ್ಟಾರ್ಟ್ ಆಗದ ಹಳೆಯ ಎಂಜಿ-ಬಿ ಕಾರಿನ ಪ್ರಕರಣ

ಪಿಕಪ್ ವಾಹನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದ ಆ ಕಾರನ್ನು ನೋಡಲು ಬೀದಿಯ ಹುಡುಗರೆಲ್ಲ ಅಂಗಡಿಯ ಮುಂದೆ ಸೇರಿದ್ದರು. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ಎತ್ತರ ನನ್ನ ಸೊಂಟದ ಮಟ್ಟಕ್ಕಿಂತ ಸ್ವಲ್ಪ ಹೆಚ್ಚು. ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಬದಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಹನಗಳ ವೈರಿಂಗ್, ಸೆಲ್ಫ್ ಮೋಟಾರ್ (ಎಂಜಿನ್ ಶುರುಮಾಡಲು ಅದನ್ನು ತಿರುಗಿಸುವ ಮೋಟಾರು), ಡೈನಮೋ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೆಲಸ ಮಾಡುತ್ತಿದ್ದೇನೆ. ನನ್ನಲ್ಲಿಗೆ ಬರುವುದು ಟ್ರ್ಯಾಕ್ಟರ್, ಭತ್ತದ ಲಾರಿ, ಕಟಾವಿನ ಯಂತ್ರ. ಸ್ಪೋರ್ಟ್ಸ್ ಕಾರು ಬಂದದ್ದು ಅದೇ ಮೊದಲು.

1965ರ ಎಂಜಿ-ಬಿ. ಎಂಜಿ ಎಂದರೆ ಈಗಿನವರಿಗೆ 2019ರಲ್ಲಿ ನಮ್ಮ ದೇಶಕ್ಕೆ ಬಂದ ಹೆಕ್ಟರ್ ನೆನಪಾಗುತ್ತದೆ. ಇದು ಅದಕ್ಕಿಂತ ಬಹಳ ಹಿಂದಿನದು. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಮಾದರಿ. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಅಲ್ಲಿಂದ ಹೊರಬಂದಿವೆ. ಯಜಮಾನರಿಗೆ ಎಪ್ಪತ್ತರ ಆಸುಪಾಸು, ಹತ್ತಿ ವ್ಯಾಪಾರದ ಮನೆತನ. ಊರಿನ ಮಿಲ್ಲುಗಳ ಸೈರನ್ ಕೇಳಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಅವರ ತಂದೆ ಇದನ್ನು ಮುಂಬಯಿಯಲ್ಲಿ ಕೊಂಡು ತಂದಿದ್ದರು. ಬಾನೆಟ್ ಎತ್ತಿ ನೋಡಿದಾಗ ನನಗೆ ಅರ್ಧ ಧೈರ್ಯ ಬಂತು. ಒಳಗಿದ್ದದ್ದು 1798 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸರಣಿಯ ಎಂಜಿನ್. ನಮ್ಮ ಹಳೆಯ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಅಣ್ಣ. ಟ್ಯಾಕ್ಸಿ ನಿಲ್ದಾಣದ ಅಂಬಾಸಿಡರ್‌ಗಳ ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಬಿಚ್ಚಿ ಜೋಡಿಸಿ ಕೈ ಪಳಗಿದವನಿಗೆ ಇದು ಪರಕೀಯವಲ್ಲ.

ದೂರು ಹೀಗಿತ್ತು. ಎರಡು ವರ್ಷದ ಹಿಂದೆ ಎಂಜಿನ್ ಇಳಿಸಿ, ಕಾರಿಗೆ ಪೂರ್ತಿ ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡಿಸಿದ್ದರು. ಒಂದು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಚಾವಿ ತಿರುಗಿಸಿದಾಗ ಸೆಲ್ಫ್ ನಿಧಾನವಾಗುತ್ತ ಬಂತು. ಕೊನೆಗೆ 'ಟಕ್' ಎಂಬ ಸದ್ದು, ಒಂದು ನರಳಾಟ, ಅಷ್ಟೇ. ಬೇರೊಂದು ಗ್ಯಾರೇಜಿನಲ್ಲಿ ಸೆಲ್ಫ್ ಮೋಟಾರ್ ಇಳಿಸಿ ಬುಷ್, ಬ್ರಷ್ ಬದಲಿಸಿದರು. ಹೊಸ ಬ್ಯಾಟರಿ ಹಾಕಿದರು. ಪ್ಲಗ್ಗಿನ ಕಿಡಿಗೆ ಹೆಚ್ಚಿನ ವೋಲ್ಟು ಕೊಡುವ ಕಾಯಿಲ್, ಅದರ ಜತೆ ಕೆಲಸ ಮಾಡುವ ಕಂಡೆನ್ಸರ್ ಎರಡನ್ನೂ ಹೊಸದಾಗಿ ಹಾಕಿದರು. ಕಾರು ಎದ್ದೇಳಲಿಲ್ಲ. "ಮೇಸ್ತ್ರಿಗಳೇ, ಇನ್ನು ಬದಲಿಸಲು ಉಳಿದಿರುವುದು ಕಾರೊಂದೇ" ಎಂದರು ಯಜಮಾನರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮೊದಲ ಕೆಲಸ ಕಣ್ಣಿನದು. ಈ ಕಾರಿನಲ್ಲಿ ಬ್ಯಾಟರಿ ಬಾನೆಟ್ ಕೆಳಗಿಲ್ಲ. ಸೀಟುಗಳ ಹಿಂದೆ, ನೆಲದ ಹಲಗೆಯ ಅಡಿಯಲ್ಲಿದೆ. ಕಾರ್ಖಾನೆಯಿಂದ ಬರುವಾಗ ಪ್ರೊಪೆಲ್ಲರ್ ಶಾಫ್ಟಿನ ಆಚೆಗೊಂದು ಈಚೆಗೊಂದು, 6 ವೋಲ್ಟಿನ ಎರಡು ಬ್ಯಾಟರಿಗಳು ಒಂದರ ಹಿಂದೊಂದು ಜೋಡಣೆಯಾಗಿ 12 ವೋಲ್ಟ್ ಕೊಡುತ್ತಿದ್ದವು. ಈಗ ಒಂದು ಗೂಡು ಖಾಲಿ, ಇನ್ನೊಂದರಲ್ಲಿ 12 ವೋಲ್ಟಿನ ಹೊಸ ಬ್ಯಾಟರಿ. ಅದರಲ್ಲಿ ತಪ್ಪಿಲ್ಲ, ನಮ್ಮ ಊರಿನಲ್ಲಿ 6 ವೋಲ್ಟಿನದನ್ನು ಎಲ್ಲಿಂದ ತರುವುದು. ಆದರೆ ಕ್ಲ್ಯಾಂಪುಗಳ ಮೇಲೆ ಟಾರ್ಚ್ ಬಿಟ್ಟಾಗ ನನ್ನ ಕೈ ನಿಂತಿತು.

ಬ್ಯಾಟರಿಯ ಎರಡು ಕಂಬಗಳು ಒಂದೇ ದಪ್ಪ ಇರುವುದಿಲ್ಲ. ಪಾಸಿಟಿವ್ ಕಂಬ ಒಂದೂವರೆ ಮಿಲಿಮೀಟರಿನಷ್ಟು ದಪ್ಪ. ತಪ್ಪಿ ಅದಲುಬದಲಾಗದಿರಲಿ ಎಂದೇ ಹಾಗೆ ಮಾಡಿರುತ್ತಾರೆ. ಇಲ್ಲಿ ಕಾರಿನ ಮೈಗೆ ಹೋಗುವ ಕೇಬಲ್ಲಿನ ಹಳೆಯ ಸೀಸದ ಕ್ಲ್ಯಾಂಪು ನೆಗೆಟಿವ್ ಕಂಬದ ಮೇಲೆ ಸಡಿಲವಾಗಿ ಕುಳಿತಿತ್ತು. ಅದು ಅಲ್ಲಾಡದಿರಲೆಂದು ತಗಡಿನ ಚೂರನ್ನು ಮಡಚಿ ಒಳಗೆ ತುರುಕಿದ್ದರು. ಇನ್ನೊಂದು ಕ್ಲ್ಯಾಂಪಿನ ಬಾಯನ್ನು ಸ್ಕ್ರೂಡ್ರೈವರಿನಿಂದ ಅಗಲಿಸಿ ಪಾಸಿಟಿವ್ ಕಂಬಕ್ಕೆ ಹಾಕಿದ್ದರು. ಮೀಟಿದ ಗೀರು ಸೀಸದ ಮೇಲೆ ಹೊಳೆಯುತ್ತಿತ್ತು. ಅಂದರೆ ಈ ಎರಡು ಕೇಬಲ್ಲುಗಳು ಹಿಂದೆ ಬೇರೆ ರೀತಿಯಲ್ಲಿ ಇದ್ದವು. ಎಂಜಿನ್ನಿನ ವೇಗ ತೋರಿಸುವ ಟ್ಯಾಕೋಮೀಟರಿನ ಮುಖದ ಕೆಳಅಂಚನ್ನು ಒರೆಸಿ ನೋಡಿದೆ. ಸಣ್ಣ ಅಕ್ಷರದಲ್ಲಿ 'ಪಾಸಿಟಿವ್ ಅರ್ತ್' ಎಂದು ಬರೆದಿತ್ತು.

1967ರ ಕೊನೆಯ ಭಾಗದವರೆಗೆ ಬಂದ ಎಂಜಿ-ಬಿಗಳೆಲ್ಲ ಪಾಸಿಟಿವ್ ಅರ್ತ್. ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ, ನೆಗೆಟಿವ್ ತುದಿ ವೈರಿಂಗಿಗೆ. ಈಗಿನ ಎಲ್ಲ ವಾಹನಗಳಲ್ಲಿ ಇದಕ್ಕೆ ಉಲ್ಟಾ. ಹೊಸ ಬ್ಯಾಟರಿ ಹಾಕಿದವರು ಅಭ್ಯಾಸದಂತೆ ನೆಗೆಟಿವ್ ತುದಿಯನ್ನು ಮೈಗೆ ಕೊಟ್ಟಿದ್ದರು.

ಇದೇ ಸ್ಟಾರ್ಟ್ ಆಗದಿರಲು ಕಾರಣವೇ? ಅಲ್ಲ. ಈ ಪ್ರಕರಣದಲ್ಲಿ ಗಮನಿಸಬೇಕಾದ ಮೊದಲ ವಿಷಯ ಇದು. ಸೆಲ್ಫ್ ಮೋಟಾರಿನಲ್ಲಿ ಸುತ್ತಲಿನ ಫೀಲ್ಡ್ ಸುರುಳಿಯೂ ನಡುವೆ ತಿರುಗುವ ಆರ್ಮೇಚರೂ ಒಂದರ ಹಿಂದೊಂದು ಜೋಡಣೆಯಾಗಿರುತ್ತವೆ. ಬ್ಯಾಟರಿ ಉಲ್ಟಾ ಆದರೆ ಎರಡರ ಕಾಂತತ್ವವೂ ಒಟ್ಟಿಗೇ ತಿರುಗುತ್ತದೆ, ಮೋಟಾರು ಮಾತ್ರ ಅದೇ ದಿಕ್ಕಿಗೆ ಸುತ್ತುತ್ತದೆ. ಬಲ್ಬುಗಳಿಗೆ ದಿಕ್ಕಿನ ಗೊಡವೆಯೇ ಇಲ್ಲ. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಡೈನಮೋ ಹಾಗಲ್ಲ. ಅದರ ಕಬ್ಬಿಣದಲ್ಲಿ ಹಳೆಯ ದಿಕ್ಕಿನ ಕಾಂತತ್ವ ಸ್ವಲ್ಪ ಉಳಿದಿರುತ್ತದೆ. ಸುತ್ತಿದರೆ ಅದೇ ದಿಕ್ಕಿನಲ್ಲಿ ಕರೆಂಟು ಹುಟ್ಟುತ್ತದೆ. ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್ಚಾದ ಕಟೌಟ್ ಮುಚ್ಚಿಕೊಂಡ ಕ್ಷಣ ಉಲ್ಟಾ ಬ್ಯಾಟರಿಯೂ ಡೈನಮೋವೂ ಒಂದರ ಬಲಕ್ಕೆ ಇನ್ನೊಂದು ಸೇರಿ, ಕಟೌಟಿನ ಪಾಯಿಂಟುಗಳು ಬೆಸುಗೆ ಹಾಕಿದಂತೆ ಕರಗಿ ಅಂಟಿಕೊಳ್ಳುತ್ತವೆ. ಹೊಸ ಬ್ಯಾಟರಿ ಹಾಕಿದ ಮೇಲೆ ಮೂರು ತಿಂಗಳು ಆ ಎಂಜಿನ್ ಶುರುವಾಗದೆ ಉಳಿದದ್ದರಿಂದಲೇ ಡೈನಮೋ, ರೆಗ್ಯುಲೇಟರ್ ಎರಡೂ ಬದುಕಿಕೊಂಡವು. ಇದನ್ನು ಹೇಳಿದಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ.

ತಗಡಿನ ಚೂರು ತೆಗೆದು, ಬ್ಯಾಟರಿಯನ್ನು ತಿರುಗಿಸಿ ಕೂರಿಸಿ, ದಪ್ಪ ಕಂಬವನ್ನು ಕಾರಿನ ಮೈಗೆ ಕೊಟ್ಟೆ. ಕ್ಲ್ಯಾಂಪು ತನ್ನ ಜಾಗವನ್ನು ಗುರುತು ಹಿಡಿದಂತೆ ಬಿಗಿಯಾಗಿ ಕುಳಿತಿತು.

ಕೆಲಸ ಕಲಿಯುತ್ತಿರುವ ಹುಡುಗನ ಕೈಗೆ ಮಲ್ಟಿಮೀಟರ್ ಕೊಟ್ಟೆ. ಕಪ್ಪು ಕಡ್ಡಿಯನ್ನು ಕಾರಿನ ಮೈಗೆ, ಕೆಂಪು ಕಡ್ಡಿಯನ್ನು ವೈರಿಂಗಿನ ತುದಿಗೆ ಹಿಡಿದ. "ಅಣ್ಣಾ, ಮೀಟರ್ ಕೆಟ್ಟಿದೆ, ಮೈನಸ್ ತೋರಿಸುತ್ತಿದೆ" ಎಂದ. ಮೀಟರ್ ಸರಿಯಾಗಿಯೇ ಇತ್ತು: ಮೈನಸ್ 12.5. ಇಂಥ ಕಾರಿನಲ್ಲಿ ಇಡೀ ದಿನ ಮೈನಸ್ ಓದಬೇಕು, ಇಲ್ಲವೇ ಕಡ್ಡಿ ಬದಲಿಸಿ ಹಿಡಿಯಬೇಕು. ಓದುಗರಿಗೆ ಗೊಂದಲವಾಗದಿರಲೆಂದು ಮುಂದಿನ ಅಂಕಿಗಳನ್ನು ಮೈನಸ್ ಬಿಟ್ಟು ಬರೆಯುತ್ತೇನೆ.

ವೈರಿನ ಬಣ್ಣಗಳ ಬಗ್ಗೆಯೂ ಆಗಲೇ ಅವನಿಗೆ ಹೇಳಿಕೊಟ್ಟೆ, ಇಲ್ಲಿಯೂ ಹೇಳಬೇಕು. ಲೂಕಸ್ ಕಂಪನಿಯ ಸಾಮಾನು ಹಾಕಿದ ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬಣ್ಣಕ್ಕೆ ಕಟ್ಟುನಿಟ್ಟಾದ ಅರ್ಥವಿದೆ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಸದಾ ಜೀವಂತ. ಬಿಳಿ ಎಂದರೆ ಚಾವಿ ತಿರುಗಿಸಿದ ಮೇಲೆ ಬರುವುದು. ಕಾಯಿಲ್ಲಿಗೂ ಪೆಟ್ರೋಲ್ ಪಂಪಿಗೂ ಅದೇ. ಹಸಿರು ಎಂದರೆ ಚಾವಿ ಮತ್ತು ಫ್ಯೂಸ್ ಎರಡನ್ನೂ ದಾಟಿ ಬಂದದ್ದು. ನೇರಳೆ, ಚಾವಿಯ ಹಂಗಿಲ್ಲದೆ ಫ್ಯೂಸ್ ದಾಟಿ ಬಂದದ್ದು. ಕಪ್ಪು, ಅರ್ತಿಂಗ್. ಬಿಳಿಯ ಮೇಲೆ ಕೆಂಪು ಗೆರೆ ಇದ್ದರೆ ಸೆಲ್ಫಿನ ಸೊಲೆನಾಯ್ಡ್, ಅಂದರೆ ಸೆಲ್ಫಿಗೆ ಕರೆಂಟು ಬಿಡುವ ದೊಡ್ಡ ಸ್ವಿಚ್ಚು. ಇಡೀ ಕಾರಿಗೆ ಎರಡೇ ಫ್ಯೂಸ್. ಬಿಳಿ ವೈರಿಗೆ ಫ್ಯೂಸೇ ಇಲ್ಲ. ಅದು ಎಲ್ಲಾದರೂ ಮೈಗೆ ತಾಗಿದರೆ ಸುಡುವುದು ವೈರೇ. ಹಳೆಯ ಕಾರಿನ ವೈರಿಂಗಿಗೆ ಕೈ ಹಾಕುವವರು ಸಿಕ್ಕ ಬಣ್ಣದ ವೈರನ್ನು ನಡುವೆ ಸೇರಿಸಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಮುಂದೆ ಬರುವವನಿಗೆ ಆ ಬಣ್ಣವೇ ನಕ್ಷೆ.

ಬ್ಯಾಟರಿ ಸರಿಯಾದ ಮೇಲೂ ಸೆಲ್ಫಿನದು ಅದೇ ನರಳಾಟ. ಇಲ್ಲಿ ನಾನೂ ಅರ್ಧ ಗಂಟೆ ತಪ್ಪು ದಾರಿಯಲ್ಲಿ ನಡೆದೆ. 'ಟಕ್' ಸದ್ದು ಕೇಳಿ ಸೊಲೆನಾಯ್ಡಿನ ಒಳಗಿನ ತಾಮ್ರದ ತಟ್ಟೆ ಸುಟ್ಟಿರಬೇಕೆಂದು ತೀರ್ಮಾನಿಸಿದೆ. ಈ ಮಾದರಿಯಲ್ಲಿ ಸೊಲೆನಾಯ್ಡ್ ಸೆಲ್ಫಿನ ಮೇಲಿರದೆ ಬಾನೆಟ್ ಒಳಗೆ ಪ್ರತ್ಯೇಕವಾಗಿ ಇದೆ. ಅದರ ಎರಡು ದಪ್ಪ ಬೋಲ್ಟುಗಳನ್ನು ನೇರ ಕೇಬಲ್ಲಿನಿಂದ ಸೇರಿಸಿದೆ. ನರಳಾಟ ಹಾಗೆಯೇ ಉಳಿಯಿತು. ಸೊಲೆನಾಯ್ಡ್ ನಿರಪರಾಧಿ.

ಮತ್ತೊಮ್ಮೆ ಚಾವಿ ತಿರುಗಿಸಿ ಹಿಡಿಯಲು ಹೇಳಿ ನಾನು ಕಾರ್ಬುರೇಟರ್ ಬದಿಗೆ ಬಾಗಿದೆ. ಸುಟ್ಟ ರಬ್ಬರಿನ ಸಣ್ಣ ವಾಸನೆ. ವಾಸನೆಯ ಜಾಡು ಹಿಡಿದು ಕೈ ಆಡಿಸುತ್ತ ಹೋದಾಗ ಚೋಕ್ ಕೇಬಲ್ಲಿಗೆ ಬೆರಳು ತಾಗಿತು, ತಾಗಿದ ಕೂಡಲೇ ಹಿಂದೆಗೆದುಕೊಂಡೆ. ಕಾವಲಿಯಿಂದ ಆಗತಾನೇ ತೆಗೆದ ಬೆಣ್ಣೆ ದೋಸೆಯನ್ನು ಬರಿಗೈಯಲ್ಲಿ ಹಿಡಿದಂತಾಯಿತು. ಕೇಬಲ್ಲಿನ ಹೊರಗಿನ ಉಕ್ಕಿನ ಸುರುಳಿ ಒಂದು ಗೇಣಿನಷ್ಟು ಉದ್ದಕ್ಕೆ ನೀಲಿಗಟ್ಟಿತ್ತು. ಚೋಕ್ ಕೇಬಲ್ಲಿಗೂ ವಿದ್ಯುತ್ತಿಗೂ ಯಾವ ಸಂಬಂಧವೂ ಇಲ್ಲ. ಅದು ತಣ್ಣಗಿನ ಎಂಜಿನ್ ಶುರುಮಾಡುವಾಗ ಎಳೆಯಲೆಂದು ಡ್ಯಾಶ್‌ಬೋರ್ಡಿನಿಂದ ಎಂಜಿನ್ನಿಗೆ ಹೋಗುವ ಬರೀ ಒಂದು ಎಳೆದಾರ. ಅದು ಬಿಸಿಯಾಗಿದೆ ಎಂದರೆ ಸೆಲ್ಫಿನ ಕರೆಂಟು ತನ್ನ ದಾರಿ ಮುಚ್ಚಿಹೋಗಿ ಇದರ ಮೂಲಕ ನುಸುಳುತ್ತಿದೆ.

ಎಂಜಿನ್ ಕಾರಿನ ಮೈಗೆ ನೇರವಾಗಿ ತಾಗಿಕೊಂಡಿಲ್ಲ. ರಬ್ಬರ್ ಮೌಂಟುಗಳ ಮೇಲೆ ಕುಳಿತಿದೆ. ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಎಂಜಿನ್ನಿಗೂ ಮೈಗೂ ನಡುವೆ ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಅರ್ತಿಂಗ್ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಹೆಡ್‌ಲೈಟಿಗೆ ಹೋಗುವ ಕರೆಂಟು ಕಾಲುವೆಯ ಕವಲಿನ ನೀರಿದ್ದಂತೆ. ಸೆಲ್ಫಿನದು ಭದ್ರಾ ಜಲಾಶಯದ ಗೇಟು ತೆಗೆದಂತೆ. ಎಂಜಿನ್ ತಿರುಗಿಸಲು ನೂರೈವತ್ತು ಆಂಪಿಯರ್ ಬೇಕಾಗುತ್ತದೆ. ಹೋಗುವ ದಾರಿ ಎಷ್ಟು ಅಗಲವೋ ಮರಳುವ ದಾರಿಯೂ ಅಷ್ಟೇ ಅಗಲ ಇರಬೇಕು. ನಮ್ಮ ಕಸುಬಿನಲ್ಲಿ ಹೆಚ್ಚಿನವರು ಹೋಗುವ ದಾರಿಯನ್ನು ಮಾತ್ರ ನೋಡುತ್ತಾರೆ.

ಇನ್ನು ಊಹೆ ಬೇಡ, ಅಳತೆಯಾಗಲಿ ಎಂದುಕೊಂಡೆ. ಓಮ್ ಅಳತೆಯಿಂದ ಇಲ್ಲಿ ಉಪಯೋಗವಿಲ್ಲ. ಕೆಟ್ಟ ಜೋಡಣೆಯ ತಡೆ ಓಮಿನ ನೂರನೇ ಭಾಗದ ಲೆಕ್ಕದಲ್ಲಿರುತ್ತದೆ, ಮೀಟರಿನ ಕಡ್ಡಿಗಳ ತಡೆಯೇ ಅದಕ್ಕಿಂತ ಹೆಚ್ಚು. ಆದರೆ ನೂರು ಆಂಪಿಯರ್ ಹರಿಯುವಾಗ ಆ ನೂರನೇ ಭಾಗವೇ ವೋಲ್ಟುಗಳಾಗಿ ಎದ್ದು ಕಾಣುತ್ತದೆ. ಆದ್ದರಿಂದ ಸೆಲ್ಫ್ ಎಳೆಯುತ್ತಿರುವಾಗಲೇ ವೋಲ್ಟ್ ನೋಡಬೇಕು. ಗಾಲಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಕಾಯಿಲ್ಲಿನ ಬಿಳಿ ವೈರ್ ಕಳಚಿಟ್ಟು, ಹುಡುಗ ಚಾವಿ ತಿರುಗಿಸಿದಂತೆಲ್ಲ ಎರಡು ಮೂರು ಸೆಕೆಂಡಿನಲ್ಲಿ ಓದಿ ಬರೆದುಕೊಂಡೆ.

ಬ್ಯಾಟರಿಯ ಕಂಬದಿಂದ ಕಂಬಕ್ಕೆ 11.4. ಇದೇ ದೊಡ್ಡ ಸಾಕ್ಷಿ. ಸೆಲ್ಫ್ ನಿಜಕ್ಕೂ ಎಳೆಯುತ್ತಿದ್ದರೆ ಬ್ಯಾಟರಿ ಇನ್ನೂ ಕೆಳಗಿಳಿಯಬೇಕಿತ್ತು. ನರಳಾಟದ ಹೊತ್ತಿನಲ್ಲಿ ಬ್ಯಾಟರಿ 7ಕ್ಕೋ 8ಕ್ಕೋ ಕುಸಿದರೆ ಬ್ಯಾಟರಿಯನ್ನೋ ಜಾಮ್ ಆದ ಸೆಲ್ಫನ್ನೋ ಅನುಮಾನಿಸಬಹುದು. ಕುಸಿಯದಿದ್ದರೆ ದಾರಿಯಲ್ಲೇ ತಡೆಯಿದೆ. ಬ್ಯಾಟರಿಯಿಂದ ಸೆಲ್ಫಿನ ಬೋಲ್ಟಿನವರೆಗೆ, ಹಿಂದಿನಿಂದ ಮುಂದಕ್ಕೆ ಅಷ್ಟುದ್ದದ ಕೇಬಲ್ಲು, ಸೊಲೆನಾಯ್ಡ್ ಎಲ್ಲ ಸೇರಿ ಕಳೆದದ್ದು 0.6. ಸೆಲ್ಫಿಗೆ ದಕ್ಕಿದ್ದು 5.4. ಎಂಜಿನ್ ಬ್ಲಾಕಿನಿಂದ ಬ್ಯಾಟರಿಯ ಅರ್ತ್ ಕಂಬದವರೆಗೆ ಮತ್ತೊಂದು 5.4. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ನಾನು ಒಪ್ಪುವುದಿಲ್ಲ. ಸೆಲ್ಫಿಗೆ ಸಿಕ್ಕಷ್ಟೇ ವೋಲ್ಟು ಮರಳುವ ದಾರಿಯಲ್ಲಿ ಶಾಖವಾಗಿ ಹೋಗುತ್ತಿತ್ತು. ನೂರು ಆಂಪಿಯರ್ ಎಂದು ಹಿಡಿದರೂ 540 ವಾಟ್, ಮನೆಯ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು. ಕೇಬಲ್ ನೀಲಿಗಟ್ಟದೆ ಇನ್ನೇನಾದೀತು?

ರಿಪೇರಿಗೆ ಮುನ್ನ ಒಂದು ಖಾತ್ರಿ ಮಾಡಿಕೊಂಡೆ. ಲಾರಿಗೆ ಬಳಸುವ ದಪ್ಪ ಜಂಪ್ ಕೇಬಲ್ಲನ್ನು ಎಂಜಿನ್ ಬ್ಲಾಕಿನಿಂದ ಸೀಟಿನ ಹಿಂದಿನ ಅರ್ತ್ ಕಂಬಕ್ಕೆ ನೇರವಾಗಿ ಎಳೆದೆ. ಚಾವಿ ತಿರುಗಿತು, ಎಂಜಿನ್ ಗಿರ್ರನೆ ಸುತ್ತಿತು. ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು.

ಕಾರನ್ನು ಎತ್ತಿ ಕೆಳಗೆ ಹೋದಾಗ ಕಾರಣ ಸಿಕ್ಕಿತು. ಅರ್ತಿಂಗ್ ಪಟ್ಟಿ ಇತ್ತು, ಬೋಲ್ಟೂ ಬಿಗಿಯಾಗಿತ್ತು. ಆದರೆ ಪೇಂಟಿಂಗ್ ಸಮಯದಲ್ಲಿ ತುಕ್ಕು ಹಿಡಿಯದಿರಲೆಂದು ಕಾರಿನ ತಳಕ್ಕೆಲ್ಲ ದಪ್ಪನೆಯ ಕಪ್ಪು ಲೇಪ ಹೊಡೆದು, ಅದು ಒಣಗಿದ ಮೇಲೆ ಅದರ ಮೇಲೆಯೇ ಪಟ್ಟಿಯನ್ನು ಕಟ್ಟಿದ್ದರು. ಒಂದು ವರ್ಷ ಬೋಲ್ಟಿನ ಮರೆಗಳ (ಥ್ರೆಡ್) ಮೂಲಕವೇ ಕರೆಂಟು ಹರಿದಿದೆ. ಒಂದು ಮಳೆಗಾಲ ಕಳೆದ ಮೇಲೆ ಮರೆಗಳೂ ತುಕ್ಕು ಹಿಡಿದಿವೆ. ಕಾರನ್ನು ಚೆಂದ ಮಾಡಲು ಪ್ರೀತಿಯಿಂದ ಮಾಡಿಸಿದ ಕೆಲಸವೇ ಅದನ್ನು ಮಲಗಿಸಿತ್ತು.

ಲೇಪವನ್ನು ಕೆರೆದು, ಉಪ್ಪು ಕಾಗದದಿಂದ ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದೆ. ಹಳೆಯ ಪಟ್ಟಿಯ ಎಳೆಗಳು ಹಸಿರುಗಟ್ಟಿದ್ದವು. ವೆಲ್ಡಿಂಗ್ ಯಂತ್ರದ 35 ಚದರ ಮಿಲಿಮೀಟರಿನ ಕೇಬಲ್ಲನ್ನು ಒಂದು ಮೊಳ ಕತ್ತರಿಸಿ, ಎರಡು ತುದಿಗೂ ತಾಮ್ರದ ಲಗ್ ಒತ್ತಿ ಹಾಕಿ ಬಿಗಿದೆ. ಎಂಜಿನ್ ಅಲ್ಲಾಡುವಾಗ ಎಳೆತ ಬೀಳದಂತೆ ಸ್ವಲ್ಪ ಸಡಿಲ ಬಿಟ್ಟೆ. ಬಿಗಿದ ಮೇಲೆ ಗ್ರೀಸ್ ಸವರಿದೆ. ಬಿಗಿಯುವ ಮೊದಲು ಸವರಬಾರದು. ಮರು ಅಳತೆಯಲ್ಲಿ ಬ್ಯಾಟರಿ 10.2, ಸೆಲ್ಫಿಗೆ 9.4, ಅರ್ತ್ ಬದಿಯಲ್ಲಿ ಬರೀ 0.1. ಬ್ಯಾಟರಿ ಮೊದಲಿಗಿಂತ ಹೆಚ್ಚು ಇಳಿದದ್ದು ಒಳ್ಳೆಯ ಲಕ್ಷಣ, ಈಗ ಅದು ನಿಜವಾಗಿ ದುಡಿಯುತ್ತಿದೆ.

ಕಾಯಿಲ್ಲಿನ ಬಿಳಿ ವೈರನ್ನು ಮತ್ತೆ ಕೊಟ್ಟೆ. ಎಂಜಿನ್ ಚೆನ್ನಾಗಿ ಸುತ್ತುತ್ತಿದೆ, ಒಮ್ಮೊಮ್ಮೆ ಕೆಮ್ಮುತ್ತದೆ, ಹತ್ತಿಕೊಳ್ಳುತ್ತಿಲ್ಲ. ಎರಡನೇ ದೋಷವೊಂದು ಮೊದಲನೆಯದರ ನೆರಳಿನಲ್ಲಿ ಅಡಗಿತ್ತು. ಹಿಂಬದಿಯ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಮೊದಲು ಮೌನವಾಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಟಿಕ್ ಟಿಕ್ ಎಂದು ಹೊಡೆದುಕೊಂಡು, ಕಾರ್ಬುರೇಟರ್ ತುಂಬಿದ ಮೇಲೆ ನಿಂತಿತು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದರ ಪಾಯಿಂಟಿಗೆ ಪೊರೆ ಕಟ್ಟುವುದು ಸಾಮಾನ್ಯ. ಆ ಟಿಕ್ ಸದ್ದು ಇನ್ನೊಂದು ಸುದ್ದಿಯನ್ನೂ ಹೇಳಿತು: ಪಂಪಿಗೂ ಕಾಯಿಲ್ಲಿಗೂ ಒಂದೇ ಬಿಳಿ ವೈರಾದ್ದರಿಂದ ಚಾವಿಯ ಸ್ವಿಚ್ಚಿನಲ್ಲಿ ದೋಷವಿಲ್ಲ.

ಕಾಯಿಲ್ಲಿನ ಡೆಲ್ಕೊ ಬದಿಯ ತುದಿಗೂ ಮೈಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದೆ. ಡೆಲ್ಕೊದೊಳಗೆ ಕಾಯಿಲ್ಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಮುಚ್ಚಿದಾಗ ದೀಪ ಆರಬೇಕು, ತೆರೆದಾಗ ಹತ್ತಬೇಕು. ಎಂಜಿನ್ ಸುತ್ತುವಾಗ ಮಿನುಗಬೇಕು. ಅದು ಕಣ್ಣು ಮಿಟುಕಿಸದೆ ಒಂದೇ ಸಮನೆ ಉರಿಯಿತು. ಪಾಯಿಂಟ್ ಶುಚಿ ಮಾಡಿದೆ, ಬದಲಾಗಲಿಲ್ಲ. ಕ್ಯಾಪ್ ತೆಗೆದು, ಪಾಯಿಂಟ್ ಕೂತ ತಟ್ಟೆಯನ್ನು ಬೆರಳಿನಿಂದ ಕೂದಲೆಳೆಯಷ್ಟು ತಿರುಗಿಸಿದೆ. ದೀಪ ಆರಿತು. ಬಿಟ್ಟೆ, ಹತ್ತಿತು. ಎಂಜಿನ್ನಿನ ನಿರ್ವಾತಕ್ಕೆ ತಕ್ಕಂತೆ ಕಿಡಿಯ ಸಮಯ ಹೊಂದಿಸಲು ಆ ತಟ್ಟೆ ಸದಾ ಅತ್ತಿತ್ತ ಹೊರಳುತ್ತದೆ. ಅದರ ಜತೆಗೆ ಬಾಗುವುದು ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಹೋಗುವ, ಕಿರುಬೆರಳುದ್ದದ ಒಂದು ವೈರು. ಹೊರಗಿನ ನೂಲಿನ ಹೊದಿಕೆ ಹೊಸದರಂತೆ ಇತ್ತು. ಎರಡು ತುದಿ ಹಿಡಿದು ಮೆಲ್ಲಗೆ ಎಳೆದಾಗ ಹೊದಿಕೆ ಮಾತ್ರ ಹಿಗ್ಗಿತು, ಒಳಗೆ ತಾಮ್ರ ತುಂಡಾಗಿತ್ತು. ತುಂಡಾದ ಎಳೆಗಳು ಆಗೀಗ ತಾಗಿದಾಗಲೆಲ್ಲ ಎಂಜಿನ್ ಕೆಮ್ಮಿದೆ. ಕಂಡೆನ್ಸರ್ ಬದಲಿಸಿದವರ ಕೈ ಆ ವೈರಿನ ಮೇಲೆಯೇ ಹಾದುಹೋಗಿರಬೇಕು.

ಸಾಮಾನ್ಯ ವೈರ್ ಹಾಕಿದರೆ ಅದೂ ಬಾಗಿ ಬಾಗಿ ಬೇಗ ಮುರಿಯುತ್ತದೆ. ಹಳೆಯ ಮಲ್ಟಿಮೀಟರೊಂದರ ಕಡ್ಡಿಯ ವೈರನ್ನು ಕತ್ತರಿಸಿದೆ; ಅದರಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ನೂರಾರು. ತುದಿಗಳಲ್ಲಿ ಮಾತ್ರ ಬೆಸುಗೆ ಹಾಕಿದೆ, ಬಾಗುವ ಜಾಗಕ್ಕೆ ಬೆಸುಗೆ ಹರಿಯದಂತೆ ಇಕ್ಕಳದಿಂದ ಹಿಡಿದುಕೊಂಡೆ. ಹೊಸ ಕಾಯಿಲ್ಲಿನ ತುದಿಗಳನ್ನೂ ಅದಲುಬದಲು ಮಾಡಿದೆ. ಪಾಸಿಟಿವ್ ಅರ್ತ್ ಕಾರಿನಲ್ಲಿ ಪ್ಲಸ್ ಗುರುತಿನ ತುದಿ ಡೆಲ್ಕೊಗೆ ಹೋಗಬೇಕು. ಉಲ್ಟಾ ಇದ್ದರೂ ಎಂಜಿನ್ ಓಡುತ್ತದೆ, ಆದರೆ ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕಾಗುತ್ತದೆ. ಡೈನಮೋದ ಎರಡೂ ವೈರು ಕಳಚಿ, ಬ್ಯಾಟರಿಯ ನೆಗೆಟಿವ್ ತುದಿಯಿಂದ ಬಂದ ವೈರೊಂದನ್ನು 'ಎಫ್' ಟರ್ಮಿನಲ್ಲಿಗೆ ಎರಡು ಬಾರಿ ಚಿಟಕ್ಕನೆ ತಾಗಿಸಿ ತೆಗೆದೆ. ಕಾಂತತ್ವದ ದಿಕ್ಕಿನ ಬಗ್ಗೆ ಸಂದೇಹ ಉಳಿಯಬಾರದು.

ಎರಡನೇ ದಿನ ಸಂಜೆ ಆರರ ಹೊತ್ತಿಗೆ ಯಜಮಾನರೇ ಒಳಗೆ ಕುಳಿತು ಚಾವಿ ತಿರುಗಿಸಿದರು. ಎರಡು ಸುತ್ತು, ಒಂದು ಕೆಮ್ಮು, ಆಮೇಲೆ ಅಂಬಾಸಿಡರ್‌ಗಿಂತ ಗಡಸಾದ, ಎದೆಗೆ ತಾಗುವ ಸದ್ದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿತು, ಮೀಟರ್ 14.1 ತೋರಿಸಿತು. ನಾನು ಮೊದಲು ಮುಟ್ಟಿ ನೋಡಿದ್ದು ಚೋಕ್ ಕೇಬಲ್ಲನ್ನು. ತಣ್ಣಗಿತ್ತು.

ಎಂಜಿನ್ನಿನ ಮಟ್ಟಿಗೆ ಹಾಕಿದ ಸಾಮಾನು ಒಂದು ಮೊಳ ಕೇಬಲ್, ಎರಡು ಲಗ್, ಕಿರುಬೆರಳುದ್ದದ ವೈರ್. ಐದು ನೂರು ರೂಪಾಯಿ ದಾಟಲಿಲ್ಲ. ನೆಗೆಟಿವ್ ಅರ್ತಿಗೆ ಬದಲಿಸಿದರೆ ಮೊಬೈಲ್ ಚಾರ್ಜರ್ ಹಾಕಿಕೊಳ್ಳಬಹುದಲ್ಲವೇ ಎಂದು ಯಜಮಾನರ ಮೊಮ್ಮಗ ಕೇಳಿದ. ಮಾಡಬಹುದು, ಅಸಾಧ್ಯವಲ್ಲ. ಆದರೆ ಅಷ್ಟು ವರ್ಷ ಹಾಗೆಯೇ ಓಡಿದ ಕಾರು, ಇರುವಂತೆಯೇ ಇರಲಿ ಎಂದೆ, ಅಜ್ಜ ತಲೆಯಾಡಿಸಿದರು. ಬ್ಯಾಟರಿಯ ಮುಚ್ಚಳದ ಒಳಬದಿಗೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದೇನೆ: 'ಪಾಸಿಟಿವ್ ಅರ್ತ್. ದಪ್ಪ ಕಂಬ ಕಾರಿನ ಮೈಗೆ.'

ಒಂದು ಕೆಲಸ ಬಾಕಿ ಉಳಿದಿದೆ. ಟ್ಯಾಕೋಮೀಟರಿನ ಮುಳ್ಳು ಸೊನ್ನೆಯಿಂದ ಏಳುತ್ತಿಲ್ಲ. ಅದರೊಳಗೆ ಅರವತ್ತರ ದಶಕದ ಟ್ರಾನ್ಸಿಸ್ಟರುಗಳಿವೆ. ಬ್ಯಾಟರಿ ಉಲ್ಟಾ ಇದ್ದ ತಿಂಗಳುಗಳಲ್ಲಿ ಚಾವಿ ತಿರುಗಿಸಿದಾಗಲೆಲ್ಲ ಉಲ್ಟಾ ಕರೆಂಟು ಬಿದ್ದು ಅವು ಬಹುಶಃ ಸತ್ತಿವೆ. ಅದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಬಾರಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗ ಆ ಕಾಲದ ಟ್ರಾನ್ಸಿಸ್ಟರ್ ಸಿಗುವುದೇ ಎಂದು ಹುಡುಕಬೇಕು. ಅಲ್ಲಿಯವರೆಗೆ ಡ್ಯಾಶ್‌ಬೋರ್ಡಿನ ಆ ದುಂಡನೆಯ ಜಾಗ ಖಾಲಿಯೇ ಇರುತ್ತದೆ. ಅದರ ಪಕ್ಕದಲ್ಲಿ ಚೋಕ್ ಕೇಬಲ್ಲಿನ ಗುಬುಟು ಹೊಳೆಯುತ್ತಿದೆ.